ಮೊದಲು ಗಾಳಿ, ಆಮೇಲೆ ಹಡಗು

ಕಳೆದ ತಿಂಗಳು ನಮ್ಮ ಡ್ರಾಯಿಂಗ್ ಟೀಚರಿಗೆ ಬಂಟ್ವಾಳದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ಮೈಕ್ ಹಿಡಿದು, "ಅವರು ಬಹಳ ಸೌಮ್ಯ ಸ್ವಭಾವದವರು, ಯಾರಿಗೂ ಒಂದು ದಿನ ಎದುರು ಮಾತನಾಡಿದವರಲ್ಲ" ಎಂದರು. ಸಭೆ ತಲೆಯಾಡಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಈ ಅಂಗಿಯಲ್ಲಿ ಟೀಚರ ಒಂದು ಕೈ ಕೂಡ ತೂರುವುದಿಲ್ಲ. ಎದ್ದು ನಿಂತು, ನನಗೂ ಎರಡು ಮಾತು ಹೇಳಲಿಕ್ಕುಂಟು ಎಂದೆ. ಕಾರ್ಯಕ್ರಮ ನಡೆಸುತ್ತಿದ್ದವರು ಗಡಿಯಾರ ನೋಡಿ, "ಸಮಯ ಇಲ್ಲ ಅಕ್ಕ, ಚಾ ತಣಿತದೆ" ಎಂದರು. ಮೈಕ್ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎದುರು ಮಾತನಾಡಿಯೇ ಅವರು ನನಗೆ ಪರಿಚಯವಾದದ್ದು. ಬಿ.ಸಿ.ರೋಡಿನಲ್ಲಿ ನಮ್ಮದೊಂದು ಪೈಂಟ್ ಅಂಗಡಿ ಉಂಟು. ಗೋದಾಮು, ಸಾಗಾಟ ಗಂಡನದು, ಕೌಂಟರ್ ನನ್ನದು. ಗಿರಾಕಿ ಕಾರ್ಡಿನಲ್ಲಿ ತೋರಿಸಿದ ಬಣ್ಣಕ್ಕೆ ಯಂತ್ರದ ಗುಂಡಿ ಒತ್ತಿ, ಡಬ್ಬಿ ಕುಲುಕಿಸಿ ಕೊಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಗಿಡ್ಡ ಆಳಿನ ಹೆಂಗಸೊಬ್ಬರು ಬಂದು ಟರ್ಪೆಂಟೈನ್ ಕೇಳಿದರು. ನೂಲಿನ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತುರುಬಿನಲ್ಲಿ ಹೂವಿರಬೇಕಾದ ಜಾಗದಲ್ಲಿ ಒಂದು ಬ್ರಷ್. ಎಂತಕ್ಕೆ ಎಂದು ಕೇಳಿದೆ. ಸಮುದ್ರ ಬಿಡಿಸಲಿಕ್ಕೆ ಎಂದರು. ವ್ಯಾಪಾರದ ಚಾಳಿ ಬಿಡುತ್ತದೆಯೇ? ನೀಲಿಗಳ ಕಾರ್ಡ್ ಬಿಚ್ಚಿ ಅವರ ಮುಂದೆ ಹರಡಿದೆ.

"ಇದರಲ್ಲಿ ಸಮುದ್ರ ಇಲ್ಲ" ಎಂದರು.

"ಇಷ್ಟೊಂದು ನೀಲಿ ಉಂಟಲ್ಲ ಮೇಡಂ?"

"ಸಮುದ್ರ ನೀಲಿ ಅಂತ ನಿನಗೆ ಯಾರು ಹೇಳಿದ್ದು, ಈ ಕಾರ್ಡಾ? ನೀನು ಸಮುದ್ರ ನೋಡಿದ್ದು ಯಾವಾಗ ಮಾರಾಯ್ತಿ?"

ನನಗೆ ನೆನಪಾಗಲಿಲ್ಲ. ಸರಕು ತರಲು ಮಂಗಳೂರಿಗೆ ಆಗಾಗ ಹೋಗುತ್ತೇನೆ, ಆದರೆ ಸಮುದ್ರದ ಕಡೆ ಮುಖ ಹಾಕಿ ವರ್ಷಗಳೇ ಆಗಿದ್ದವು. ಮಳೆಗಾಲದಲ್ಲಿ ಅದು ಚಾದ ಬಣ್ಣ, ನಡು ಮಧ್ಯಾಹ್ನ ತಗಡಿನ ಬಣ್ಣ, ಚಳಿಗಾಲದಲ್ಲಿ ಪಾಚಿಯ ಬಣ್ಣ ಎಂದು ಹೇಳಿ, ಬಾಟಲಿ ಕಂಕುಳಲ್ಲಿಟ್ಟುಕೊಂಡು ಅವರು ಹೊರಟುಹೋದರು. ನನಗೆ ಸಿಟ್ಟು ಬಂತು. ಆದರೆ ಆ ಸಂಜೆಯೆಲ್ಲ ಅವರದೇ ಯೋಚನೆ. ದಿನಾ ಬಣ್ಣ ಮಾರುವವಳಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬಣ್ಣ ಹಚ್ಚಬೇಕೆಂದು ಅನಿಸುವುದಿಲ್ಲವೇ? ಮುಂದಿನ ಸಲ ಬಂದಾಗ, ನನಗೂ ಕಲಿಸುತ್ತೀರಾ ಎಂದು ಕೇಳಿಯೇಬಿಟ್ಟೆ. "ಭಾನುವಾರ ಬಾ. ತಡ ಮಾಡಿದರೆ ಬಾಗಿಲು ತೆಗೆಯುವುದಿಲ್ಲ" ಎಂದರು.

ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಡ್ರಾಯಿಂಗ್ ಕಲಿಸಿದವರು ಅವರು. ಅಲ್ಲಿಯ ಒಂದು ಕತೆಯನ್ನು ಅವರೇ ಬಹಳ ಖುಷಿಯಿಂದ ಹೇಳುತ್ತಿದ್ದರು. ಯಾವುದೋ ಚಿತ್ರಸ್ಪರ್ಧೆಗೆ ಅವರು ತೀರ್ಪುಗಾರರು, ವಿಷಯ ಸಮುದ್ರ. ಮಕ್ಕಳೆಲ್ಲ ಎರಡು ತ್ರಿಕೋನ ಗುಡ್ಡ, ನಡುವೆ ಏಳುವ ಸೂರ್ಯ, ಕೆಳಗೆ ನೀಲಿ ನೀರು, ಒಂದು ದೋಣಿ ಬರೆದಿದ್ದರು. ಒಬ್ಬಳು ಹುಡುಗಿ ಮಾತ್ರ ಹಾಳೆ ತುಂಬ ಕಂದು ಬಣ್ಣ ಬಳಿದು ಮೇಲೆ ಬಿಳಿ ನೊರೆ ಎಳೆದಿದ್ದಳು. ಟೀಚರ್ ಅವಳಿಗೆ ಮೊದಲ ಬಹುಮಾನ ಕೊಟ್ಟು, ಎರಡನೆಯದೂ ಮೂರನೆಯದೂ ಯಾರಿಗೂ ಇಲ್ಲ ಎಂದರು. ಹೆತ್ತವರು ಗಲಾಟೆ ಮಾಡಿದರು. ಮುಖ್ಯ ಅತಿಥಿಗಳು ಬಂದು ಕೂತಿದ್ದಾರೆ, ಕಪ್ ತಂದಾಗಿದೆ, ಯಾರಿಗಾದರೂ ಕೊಟ್ಟುಬಿಡಿ ಎಂದು ಹೆಡ್‌ಮಾಸ್ಟರು ಕೈಮುಗಿದರು. "ಉಳಿದ ಕಪ್ ನೀವು ಮನೆಗೆ ಕೊಂಡುಹೋಗಿ ಸರ್. ನೋಡಿ ಬರೆದದ್ದು ಇವಳೊಬ್ಬಳೇ" ಎಂದರಂತೆ ಟೀಚರ್. ಎದುರು ಮಾತನಾಡದವರು!

ಇನ್ನು ನನ್ನ ಭಾನುವಾರದ ವಿಷಯ. ಪೈಂಟ್ ಅಂಗಡಿಗೆ ಭಾನುವಾರ ಮಧ್ಯಾಹ್ನವೆಂದರೆ ಸುಗ್ಗಿ. ಸೋಮವಾರದ ಕೆಲಸಕ್ಕೆ ಬಣ್ಣ ಕೊಳ್ಳಲು ಪೈಂಟರುಗಳೆಲ್ಲ ಆಗಲೇ ಬರುವುದು. ಅಂಗಡಿಯ ಕಟ್ಟಡ ನನ್ನ ಗಂಡನ ಅಣ್ಣನದು. ಗಲ್ಫಿನಲ್ಲಿ ಬಹಳ ಕಾಲ ದುಡಿದು ಊರಿಗೆ ಬಂದವರು. ಕಟ್ಟಡವೂ ಅವರದೇ, ಅಂಗಡಿಯಲ್ಲಿ ಕೊನೆಯ ಮಾತೂ ಅವರದೇ. ಕ್ಲಾಸಿನ ವಿಷಯ ಕೇಳಿ ಭಾವ ನಕ್ಕರು. "ಈ ಪ್ರಾಯದಲ್ಲಿ ಎಂತ ಮಾರಾಯ್ತಿ ಚಿತ್ರ?" ಎಂದರು. ಅಷ್ಟರಲ್ಲಿ ನನ್ನ ಓರಗಿತ್ತಿ, ಭಾವನ ಹೆಂಡತಿ, ಬಾಯಿ ಹಾಕಿದಳು. ಮೂಡುಬಿದಿರೆಯಲ್ಲಿ ಕಟ್ಟುತ್ತಿದ್ದ ಹೊಸ ಮನೆಯ ಚಾವಡಿಗೆ ಹಾಯಿಹಡಗಿನ ಒಂದು ಚಿತ್ರ ಬೇಕಿತ್ತಲ್ಲ, ಇವಳೇ ಬರೆಯಲಿ ಎಂದಳು. ಭಾವನಿಗೆ ಅದು ಒಪ್ಪಿಗೆಯಾಯಿತು. ಹಡಗು ಮುಗಿಯುವ ತನಕ ಭಾನುವಾರ ಮಧ್ಯಾಹ್ನ ಶಟರ್ ಎಳೆಯಬಹುದು, ಚಿತ್ರ ಒಪ್ಪಿಗೆಯಾದರೆ ಮುಂದೆಯೂ ಎಂದು ಅಪ್ಪಣೆಯಾಯಿತು. ನನ್ನ ಗಂಡ ಎರಡು ದೋಣಿಯಲ್ಲಿ ಕಾಲಿಡುವುದರಲ್ಲಿ ನಿಸ್ಸೀಮರು. ಅಣ್ಣನಿಗೂ ಹೂಂ ಎಂದರು, ನನಗೂ ಹೂಂ ಎಂದರು. ಹಾಗೆ ಮದುವೆಯಾಗಿ ಬಂದಂದಿನಿಂದ ಮೊದಲ ಬಾರಿಗೆ ವಾರದಲ್ಲಿ ಒಂದು ಮಧ್ಯಾಹ್ನ ನನ್ನದೆಂದು ಆಯಿತು. ಅದು ಹಡಗಿನ ಹೆಸರಲ್ಲಿ ಸಿಕ್ಕಿದ ಸಾಲದ ಮಧ್ಯಾಹ್ನ ಎಂಬುದು ನನಗೆ ಗೊತ್ತಿತ್ತು.

ಬಂಟ್ವಾಳ ಪೇಟೆಯಲ್ಲಿ ತಮ್ಮನ ಮನೆಯ ಮಾಳಿಗೆಯ ಕೋಣೆ ಟೀಚರದು. ಕಿಟಕಿಯಿಂದ ನೇತ್ರಾವತಿ ಕಾಣುತ್ತದೆ. ಹೋದ ಮೊದಲ ದಿನ ನಾನು ಹಡಗನ್ನೇ ಶುರುಮಾಡಲು ಹೊರಟೆ. ಕೈಯಿಂದ ಬ್ರಷ್ ಕಿತ್ತುಕೊಂಡರು. ವಾರಗಟ್ಟಲೆ ನಾನು ಎಳೆದದ್ದು ಒಂದು ಗೆರೆ, ನೀರು ಮತ್ತು ಆಕಾಶ ಕೂಡುವ ಗೆರೆ. ಕೂದಲೆಳೆಯಷ್ಟು ವಾಲಿದರೂ, "ಸಮುದ್ರ ಚೆಲ್ಲಿಹೋಯ್ತು, ಒರೆಸು" ಎನ್ನುತ್ತಿದ್ದರು. ಕಲಿಸುವಾಗ ಅವರದು ಪುಸ್ತಕದ ಕನ್ನಡ, ಬೈಯುವಾಗ ಅಚ್ಚ ತುಳು. ನನಗೆ ಸಿಕ್ಕಿದ್ದು ಹೆಚ್ಚಾಗಿ ತುಳುವೇ.

ಗೆರೆ ನೆಟ್ಟಗಾದ ಮೇಲೆ ಒಂದು ದಿನ ಟೆರೇಸಿಗೆ ಕರೆದುಕೊಂಡು ಹೋದರು. ಅಲ್ಲಿ ತಮ್ಮನ ಮುಂಡುಗಳನ್ನು ಒಣಹಾಕಿತ್ತು.

"ಗಾಳಿ ಯಾವ ಕಡೆಯಿಂದ?" ಎಂದು ಕೇಳಿದರು.

ಬೆರಳು ತೋರಿಸಿದೆ.

"ಹಾಗಾದರೆ ಮುಂಡಿನ ಹೊಟ್ಟೆ ಎಲ್ಲಿ ಉಬ್ಬಿದೆ? ಅಂಚು ಎಲ್ಲಿ ಪಟಪಟ ಅಂತದೆ? ಹಿಂದೆ ಬಿಸಿಲು ಉಂಟಲ್ಲ, ಈಗ ಮುಂಡು ಬಿಳಿಯಾ?"

ಬಿಳಿಯಾಗಿರಲಿಲ್ಲ. ನಡುವೆ ಬೂದಿ ಬಣ್ಣ, ಅಂಚಿನಲ್ಲಿ ಅರಿಶಿನದ ಹೊಳಪು. ಇಷ್ಟು ವರ್ಷ ಬಟ್ಟೆ ಒಣಗಿಸಿದವಳು ನಾನು, ಅದನ್ನು ಅಂದು ಮೊದಲು ನೋಡಿದೆ. ಹಾಯಿ ಎಂದರೆ ಇಷ್ಟೇ, ದೊಡ್ಡ ಮುಂಡು ಎಂದರು ಟೀಚರ್. ನಾನು ಹಾಯಿಹಡಗು ಕಂಡೇ ಇಲ್ಲವಲ್ಲ ಟೀಚರ್, ಕಾಣದ್ದನ್ನು ನಿಜದ ಹಾಗೆ ಬರೆಯುವುದು ಹೇಗೆ ಎಂದೆ. "ಗಾಳಿಗೆ ಬಟ್ಟೆ ಒಣಗಿಸಿದ್ದಿಯಲ್ಲ, ಸಾಕು. ಮೊದಲು ಗಾಳಿ, ಆಮೇಲೆ ಹಡಗು. ಗಾಳಿ ಒಂದೇ ಕಡೆಯಿಂದ ಬರ್ತದೆ. ಹಾಯಿ, ಬಾವುಟ, ತೆರೆಯ ತಲೆ, ಎಲ್ಲ ಅದರ ಮಾತೇ ಕೇಳಬೇಕು. ಒಂದು ಕೇಳದಿದ್ದರೂ ಚಿತ್ರ ಸುಳ್ಳು" ಎಂದರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ಮಳೆಯಲ್ಲಿ ನಡೆಯುವಾಗ ಕೊಡೆಯನ್ನು ಗಾಳಿಗೆ ಹಿಡಿದು ತೋರಿಸುವರು. ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದುವವರ ಹೊಗೆ ತೋರಿಸುವರು. ಪಾಪ, ಅವರು ಬೀಡಿ ಬಿಸಾಡಿ ಎದ್ದು ನಿಲ್ಲುತ್ತಿದ್ದರು.

ಒಂದು ಭಾನುವಾರ ಫರಂಗಿಪೇಟೆಯ ಮೇಲಾಗಿ ಬಸ್ಸಿನಲ್ಲಿ ಮಂಗಳೂರಿನ ಹಳೆ ಬಂದರಿಗೆ ಹೋದೆವು. ಅಲ್ಲಿ ನಿಂತಿದ್ದ ಸರಕು ಸಾಗಿಸುವ ಮಂಜಿಗಳಿಗೆಲ್ಲ ಇಂಜಿನ್ ಬಂದು ಯಾವ ಕಾಲವಾಯಿತೋ, ಹಾಯಿಯ ಒಂದು ತುಂಡೂ ಕಾಣಲಿಲ್ಲ. ಟೀಚರ ತಂದೆ ನದಿ ದಂಡೆಯ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಮಗಳನ್ನು ಈ ದಕ್ಕೆಗೆ ಕರೆದುಕೊಂಡು ಬರುತ್ತಿದ್ದರಂತೆ. ಹಂಚು ತುಂಬಿದ ಹಾಯಿಮಂಜಿ ಅಳಿವೆ ದಾಟಿ ಹೋಗುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ ಎಂದರು. ಅದನ್ನು ಹೇಳುವಾಗ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಹಿಡಿದು, ಈಗಲೂ ಅಲ್ಲಿ ಮಂಜಿ ಇದೆಯೆಂಬಂತೆ ಅಳತೆ ತೆಗೆಯುತ್ತಿದ್ದರು. ಸೂರ್ಯ ನೀರಿಗೆ ಮುಳುಗುವುದನ್ನು ನೋಡಿಯೇ ಹೊರಟೆವು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ.

ಚಿತ್ರ ಅರ್ಧ ಆಗಿರುವಾಗ ಭಾವ ನೋಡಲು ಬಂದರು. ಮಾಳಿಗೆ ಹತ್ತಿ, ಕುರ್ಚಿಯಲ್ಲಿ ಕೂತು, ಕ್ಯಾನ್ವಾಸನ್ನು ನೋಡಿ ಮುಖ ಗಂಟಿಕ್ಕಿದರು. ಬಡಗಿನಿಂದ, ಎಂದರೆ ಚಿತ್ರದ ಬಲಗಡೆಯಿಂದ ಗಾಳಿ. ಹಡಗು ಎಡಕ್ಕೆ ಮೂತಿ ಮಾಡಿ ಹೊರಟಿದೆ. ದೂರದಲ್ಲಿ ಸೂರ್ಯ ನೀರಿಗೆ ಮುಟ್ಟುತ್ತಿದ್ದಾನೆ.

"ಟೀಚರ್, ಚಾವಡಿಯಲ್ಲಿ ಇದನ್ನು ಹಾಕುವ ಗೋಡೆಯ ಎಡಗಡೆಗೇ ಬಾಗಿಲು ಉಂಟು. ಹಡಗು ಮನೆಯಿಂದ ಹೊರಗೆ ಹೋದ ಹಾಗೆ ಆಗ್ತದೆ. ಲಕ್ಷ್ಮಿ ಹೋಗ್ತಾಳೆ ಅಂತ ವಾಸ್ತುವಿನವರು ಹೇಳಿದ್ದಾರೆ. ಒಳಗೆ ಬರುವ ಹಾಗೆ ಮಾಡಿ. ಸೂರ್ಯನೂ ಅಷ್ಟೆ, ಮುಳುಗುವುದು ಬೇಡ, ಏಳುವುದು ಮಾಡಿ."

"ನಮ್ಮ ಸಮುದ್ರದಲ್ಲಿ ಸೂರ್ಯ ಏಳುವುದಿಲ್ಲ. ಅದು ಬೇಕಾದರೆ ಮದ್ರಾಸಿಗೆ ಹೋಗಿ ಮನೆ ಕಟ್ಟಿ."

"ಚಿತ್ರದಲ್ಲಿ ಎಂತ ಟೀಚರ್, ಹೇಗೆ ಬೇಕಾದರೂ ಬರೀಬಹುದಲ್ಲ?"

"ಬರೀಬಹುದು. ಬರೆಯುವುದಿಲ್ಲ."

ಭಾವ ನಗಲು ನೋಡಿದರು. ಟೀಚರ್ ಬಿಡಲಿಲ್ಲ. "ಹಡಗು ಹೊರಗೆ ಹೋದರೆ ಮಾತ್ರ ಹಂಚು ಮಾರಾಟ ಆಗ್ತಿತ್ತು ಗೊತ್ತುಂಟಾ? ಅದೆಲ್ಲ ಬಿಡಿ. ನೀವು ಹೊರಗೆ ಹೋದ ಕಾರಣವೇ ಅಲ್ಲವಾ ಈ ಮನೆ ಆದದ್ದು?"

ಭಾವನ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗಿ, "ನೋಡು, ಹಡಗು ಒಳಗೆ ಬರಬೇಕು. ಇಲ್ಲದಿದ್ದರೆ ಭಾನುವಾರ ಅಂಗಡಿಯಲ್ಲೇ ಇರು" ಎಂದು ಮೆಟ್ಟಿಲಿಳಿದರು.

ನಾನು ಹೆದರಿದೆ. ಹಡಗು ಒಳಗೆ ಬಂದರೆ ನನಗೇನು, ಭಾನುವಾರ ಉಳಿಯುತ್ತದಲ್ಲ ಎಂದು ಲೆಕ್ಕ ಹಾಕಿದೆ. ಟೀಚರ್ ಕೆಳಗೆ ಊಟಕ್ಕೆ ಹೋಗಿದ್ದಾಗ ಹಡಗಿನ ಒಡಲನ್ನು ಒರೆಸಿ, ಮೂತಿಯನ್ನು ಬಲಕ್ಕೆ ತಿರುಗಿಸಿ ಬರೆದೆ. ಹಾಯಿ ಚೆನ್ನಾಗಿ ಬಂದಿತ್ತು, ಅದನ್ನು ಮುಟ್ಟಲಿಲ್ಲ. ಟೀಚರ್ ಬಾಯಿ ಒರೆಸಿಕೊಳ್ಳುತ್ತಾ ಬಂದು ಕ್ಯಾನ್ವಾಸ್ ನೋಡಿದರು. ಹಾಯಿ ಎಡಕ್ಕೆ ಉಬ್ಬಿದೆ, ಬಾವುಟ ಎಡಕ್ಕೆ ಹಾರುತ್ತಿದೆ, ತೆರೆಗಳು ಎಡಕ್ಕೆ ಮಗುಚುತ್ತಿವೆ, ಹಡಗು ಮಾತ್ರ ಬಲಕ್ಕೆ ಹೊರಟಿದೆ.

"ಇದು ಯಾರ ಗಾಳಿ?" ಎಂದು ಕೇಳಿದರು.

"ಭಾವನದು" ಎಂದೆ. ಅಳು ಬರುತ್ತಿತ್ತು. "ನಿಮಗೆ ಎಂತ ಟೀಚರ್, ನೀವು ಒಬ್ಬರೇ. ನಿಮ್ಮ ಭಾನುವಾರ ಯಾರೂ ಕಿತ್ತುಕೊಳ್ಳುವುದಿಲ್ಲ. ನನಗೆ ಈ ಒಂದು ಮಧ್ಯಾಹ್ನ ಬಿಟ್ಟರೆ ಬೇರೆ ಇಲ್ಲ."

ಅವರು ಬೈಯಲಿಲ್ಲ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕೈಗಿಟ್ಟು, ಕನ್ನಡದಲ್ಲೇ ನಿಧಾನವಾಗಿ ಹೇಳಿದರು: "ನನಗೂ ಯಾರೂ ಕೊಟ್ಟದ್ದಲ್ಲ ಈ ಕೋಣೆ. ಬೇಕು ಅಂತ ಕೂತೆ, ಏಳಲಿಲ್ಲ. ಹಡಗನ್ನು ಒಳಗೆ ತರಬೇಕಾದರೆ ತಾ, ನಾನು ಬೇಡ ಅನ್ನುವುದಿಲ್ಲ. ಗಾಳಿಯನ್ನೂ ತಿರುಗಿಸು, ಸಮುದ್ರವನ್ನು ಪೂರ ಬೇರೆ ಬರೆ. ಆದರೆ ಇಂಥ ಹಡಗು ಕಟ್ಟಿ ಸಂಪಾದಿಸಿದ ಭಾನುವಾರದಲ್ಲಿ ನೀನು ಮತ್ತೆ ಬರೆಯುವುದು ಎಂತದ್ದನ್ನು?"

ಗಾಳಿಯನ್ನು ತಿರುಗಿಸಲೂ ಬಹುದಿತ್ತು. ಆದರೆ ದಕ್ಕೆಯಲ್ಲಿ ಹೆಬ್ಬೆರಳು ಹಿಡಿದು ನಿಂತಿದ್ದ ಅವರ ಮುಖವೇ ಎದುರಿಗೆ ಬರುತ್ತಿತ್ತು. ಆ ಹಡಗು ಹೋಗುವ ಹಡಗೇ. ಒರೆಸಿದೆ. ಮುಂದಿನ ಭಾನುವಾರಗಳಲ್ಲಿ, ಭಾವನಿಗೆ ಹೇಳದೆ, ಒಡಲನ್ನು ಮತ್ತೆ ಎಡಕ್ಕೆ ಬರೆದೆ. ಹಗ್ಗಗಳನ್ನು ಟೀಚರ್ ಕಲಿಸಿದಂತೆ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಹಸಿ ಬಣ್ಣದ ಮೇಲೆ ಗೀರಿದೆ. ಸೂರ್ಯನನ್ನು ಅರ್ಧ ಮುಳುಗಿಸಿದೆ.

ಮನೆ ಒಕ್ಕಲಿನ ದಿನ ಚಿತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೂಡುಬಿದಿರೆಗೆ ಹೋದೆವು. ಭಾವ ಸಂಪ್ರದಾಯ ಬಿಡುವವರಲ್ಲ, ಟೀಚರಿಗೂ ಬರಲು ಹೇಳಿಕೆ ಕೊಟ್ಟಿದ್ದರು. ಹೋಮದ ಹೊಗೆ ಇನ್ನೂ ಆರಿರಲಿಲ್ಲ, ಚಾವಡಿ ತುಂಬ ನೆಂಟರು. ಬೆಡ್‌ಶೀಟ್ ಬಿಚ್ಚಿದಾಗ ಎಲ್ಲರೂ ಹತ್ತಿರ ಬಂದರು. ಚೆಂದ ಉಂಟು ಎಂದು ಯಾರೋ ಮೆಲ್ಲಗೆ ಹೇಳಿದರು. ಭಾವನ ಮುಖ ಬಿಗಿಯಿತು. ಪುನಃ ಓರಗಿತ್ತಿಯೇ ನನ್ನ ನೆರವಿಗೆ ಬಂದಳು, "ಎದುರಿನ ಗೋಡೆಗೆ ಹಾಕುವ. ಅಲ್ಲಿಗೆ ಬಾಗಿಲು ಬಲಕ್ಕೆ ಬರ್ತದೆ, ಹಡಗು ಒಳಗೆ ಬಂದ ಹಾಗೆಯೇ ಆಯ್ತಲ್ಲ" ಎಂದಳು. ಅದು ಸರಿ ಎಂದು ವಾಸ್ತುವಿನವರೂ ಒಪ್ಪಿದರು. ಭಾವನಿಗೆ ಉಸಿರು ಬಂದಂತಾಯಿತು. ಅಲ್ಲಿಗೆ ಎಲ್ಲ ಮುಗಿಯುವುದಿತ್ತು.

ಆಗ ವಾಸ್ತುವಿನವರು ಚಿತ್ರದ ಹತ್ತಿರ ಬಗ್ಗಿ, "ಸೂರ್ಯ ಮಾತ್ರ... ಇದು ಏಳುವುದಲ್ಲವಾ?" ಎಂದರು.

ಭಾವ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಬೇಡುವಂತೆ. "ಏಳುವುದೇ ಅಲ್ಲವಾ? ಹೌದು ಅಂತ ಹೇಳು, ಮುಗೀತು. ನೋಡಿದವರಿಗೆ ಎರಡೂ ಒಂದೇ ಕಾಣ್ತದೆ."

ನಿಜ, ಎರಡೂ ಒಂದೇ ಕಾಣುತ್ತದೆ. ಹೂಂ ಎಂದರೆ ಚಿತ್ರ ಗೋಡೆಗೆ, ಭಾನುವಾರ ನನಗೆ. ಟೀಚರ್ ಕಿಟಕಿಯ ಬಳಿ ಪಾನಕದ ಲೋಟ ಹಿಡಿದು ಕೂತಿದ್ದರು. ಎಲ್ಲಿಯೂ ಬಾಯಿ ಮುಚ್ಚದ ಆ ಹೆಂಗಸು ಅಂದು ತುಟಿಪಿಟಕ್ಕೆನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ಉತ್ತರವನ್ನು ಅವರು ನನಗೇ ಬಿಟ್ಟಿದ್ದರು.

"ಇಲ್ಲ ಭಾವ, ಮುಳುಗುವುದು" ಎಂದೆ. "ನಾನು ನೋಡಿ ಬರೆದದ್ದು."

"ಹಾಗಾದರೆ ಈ ಚಿತ್ರ ಈ ಮನೆಗೆ ಬೇಡ" ಎಂದರು ಭಾವ. "ಆ ಕ್ಲಾಸೂ ಇವತ್ತಿಗೆ ಸಾಕು."

ಟೀಚರ್ ಲೋಟ ಕೆಳಗಿಟ್ಟರು. "ಊಟ ಮಾಡುವ. ಪಾಯಸದ ಮೇಲೆ ಎಂತ ಸಿಟ್ಟು?" ಎಂದು ನನ್ನನ್ನು ಪಂಕ್ತಿಗೆ ಎಳೆದುಕೊಂಡು ಹೋದರು. ಗಡದ್ದಾಗಿ ಉಂಡು, ಭಾವನಿಗೆ ಕೈಮುಗಿದು, ಮನೆ ಚೆಂದ ಆಗಿದೆ ಎಂದು ಮನಸಾರೆ ಹೇಳಿ ಹೊರಟರು. ಗಂಡ ಅಣ್ಣನ ಬಳಿಯೇ ಉಳಿದರು. ನಾವಿಬ್ಬರು ಚಿತ್ರ ಹೊತ್ತು ಬಸ್ಸು ಹತ್ತಿದೆವು. ನಡುದಾರಿಯಲ್ಲಿ ಹತ್ತಿದವರೊಬ್ಬರು ಚಿತ್ರ ನೋಡಿ, "ಹಡಗು ಎಲ್ಲಿಗೆ ಟೀಚರ್?" ಎಂದು ಕೇಳಿದರೆ, "ಬಂಟ್ವಾಳಕ್ಕೆ, ಟಿಕೆಟ್ ಆಗಿದೆ" ಎಂದರು. ಇಳಿಯುವ ಹೊತ್ತಿಗೆ ನನ್ನ ಕಡೆ ತಿರುಗಿ, "ಸೂರ್ಯನ ಕೆಳಗೆ ನೀರು ಸ್ವಲ್ಪ ಹೆಚ್ಚೇ ಕೆಂಪಾಗಿದೆ. ಭಾನುವಾರ ತಾ, ಸರಿ ಮಾಡುವ" ಎಂದರು.

ಆ ಭಾನುವಾರ ಊಟ ಮುಗಿಸಿ ನಾನೇ ಶಟರ್ ಎಳೆದೆ. ಅಣ್ಣ ಫೋನ್ ಮಾಡಿದರೆ ಎಂತ ಹೇಳಲಿ ಎಂದು ಗಂಡ ಕೇಳಿದರು. ಸಮುದ್ರಕ್ಕೆ ಹೋಗಿದ್ದಾಳೆ ಅನ್ನಿ ಎಂದೆ. ಫೋನ್ ಬಂತು, ಜಗಳವೂ ಆಯಿತು, ಕೆಲವು ತಿಂಗಳು ಭಾವ ಮಾತು ಬಿಟ್ಟರು. ಪೈಂಟರುಗಳು ಶನಿವಾರವೇ ಬರಲು ಕಲಿತರು. ಚಿತ್ರ ಈಗ ಅಂಗಡಿಯ ಗೋಡೆಯ ಮೇಲೆ, ಹೆದ್ದಾರಿಗೆ ಮೂತಿ ಮಾಡಿಕೊಂಡು ಉಂಟು.

ಕೊನೆಯ ವರ್ಷ ಟೀಚರ ಕೈ ನಡುಗುತ್ತಿತ್ತು. ಹೊಸ ಕ್ಯಾನ್ವಾಸಿನ ಮೇಲೆ ಗೆರೆಯನ್ನು ನಾನು ಎಳೆಯುತ್ತಿದ್ದೆ, ಅವರು ಬೈಯುತ್ತಿದ್ದರು. ಆಸ್ಪತ್ರೆಯಲ್ಲಿ ಫ್ಯಾನ್ ನೋಡುತ್ತಾ, ಇದರ ಗಾಳಿಗೆ ದಿಕ್ಕೇ ಇಲ್ಲ, ಇದನ್ನು ಬರೆಯಲಿಕ್ಕಾಗುವುದಿಲ್ಲ ಎಂದು ನರ್ಸಿನ ಜೊತೆ ವಾದ ಮಾಡಿದರು. ಅವರು ಹೋದ ದಿನ ಅಮ್ಮ ಸತ್ತಾಗ ಅತ್ತಷ್ಟೇ ಅತ್ತೆ.

ಉತ್ತರಕ್ರಿಯೆಯ ಬೊಜ್ಜ ಕಳೆದ ಮೊದಲ ಭಾನುವಾರ ಭಾವ ಅಂಗಡಿಗೆ ಬಂದರು. ಒಳ್ಳೆಯ ಜನ, ಬಾಯಿ ಮಾತ್ರ ಸ್ವಲ್ಪ ಜೋರು ಎಂದು ನಿಜವಾದ ದುಃಖದಿಂದಲೇ ಹೇಳಿದರು. ಸ್ವಲ್ಪ ಹೊತ್ತು ಕೌಂಟರಿನ ಮೇಲೆ ಬೆರಳು ಆಡಿಸುತ್ತಾ ನಿಂತರು. ಮತ್ತೆ ಮೆತ್ತಗೆ, "ಇನ್ನು ಭಾನುವಾರ ಮಧ್ಯಾಹ್ನವೂ ಅಂಗಡಿ ತೆರೀಬಹುದಲ್ಲ? ಟೀಚರ್ ಸತ್ತರಲ್ಲ" ಎಂದರು.

ನಾನು ಬೀಗದಕೈ ತೆಗೆದುಕೊಂಡು ಹೊರಗೆ ಬಂದೆ. ಭಾವನೂ ಹೊರಗೆ ಬರುವವರೆಗೆ ಕಾದು, ಶಟರ್ ಎಳೆದೆ.

"ಸತ್ತದ್ದು ಟೀಚರ್, ಭಾವ" ಎಂದೆ. "ನಾನಲ್ಲ."